ಮಗುವಿನ ಹದ

ಥರ್ಮಾಮೀಟರು ಒಳಜೇಬಿನಲ್ಲಿತ್ತು,
ಎದೆಗೊತ್ತಿದ ಗಾಜಿನ ತಣ್ಣನೆಯ ಬೆರಳು.
ಅಂತರ್ಜಲ ಇಲಾಖೆಯ ರಿಜಿಸ್ಟರು ಚೀಲದಲ್ಲಿ.
ವರ್ಷಕ್ಕೊಮ್ಮೆ, ಪುಷ್ಯದ ಚಳಿಯಲ್ಲಿ,
ಶಿವಮೊಗ್ಗದಿಂದ ಯಾರಾದರೊಬ್ಬರು ಹೋಗಬೇಕು
ಬಿಸ್ನೀರುಗುಂಡಿಯ ಜ್ವರ ನೋಡಿಬರಲು.
ಹಿಂದಿನವರು ನಿವೃತ್ತರು. ಮಂಡಿನೋವು.
ಈ ಸಲ ನಾನು.

ಲಾಂಚಿನಲ್ಲಿ ಹತ್ತು ಜನ, ಎರಡು ಬೈಕು, ಒಂದು ಬುಟ್ಟಿ ಕೋಳಿ.
ಹಿನ್ನೀರಿನ ಮೇಲೆ ಮಂಜು ಎಷ್ಟು ದಪ್ಪವೆಂದರೆ
ಚಾಲಕ ಕಣ್ಣಿಗಿಂತ ಕಿವಿಯನ್ನು ನಂಬಿದ್ದ.
ಮುಳುಗಿದ ಮರಗಳ ಬೊಡ್ಡೆಗಳು ಅಲ್ಲಲ್ಲಿ
ಯಾರು ಬಂದರೆಂದು ತಲೆಯೆತ್ತಿ ನೋಡಿ
ಹಿಂದೆ ಸರಿದವು.

ಆಚೆ ದಡದಲ್ಲಿ ಗುತ್ಯಮ್ಮ.
ಕೈಯಲ್ಲಿ ಕತ್ತಿ, ತಲೆಗೆ ಟವೆಲು,
ಕಾಲಿಗೆ ಮಗನ ಹಳೆಯ ಕ್ರಿಕೆಟ್ ಬೂಟು.
"ಈ ವರ್ಷದ್ದು ನೀವೇನಾ?" ಎಂದಳು,
ಅಂಗಡಿಯವರು ಕೊಟ್ಟ ಹೊಸ ಕ್ಯಾಲೆಂಡರು ನೋಡುವ ಹಾಗೆ.

ಎರಡೂವರೆ ಗಂಟೆ ದಾರಿ; ದಾರಿಯೆಂದರೆ ಅವಳ ಬೆನ್ನು.
ವಾಟೆಬಿದಿರು ಕವಿದಲ್ಲಿ ಬಗ್ಗಿ, ಹಳ್ಳದಲ್ಲಿ ಚಪ್ಪಲಿ ಕೈಗೆ ಬಂದು,
ಇಬ್ಬನಿ ಹುಲ್ಲಿನಿಂದ ಮೊಣಕಾಲಿಗೆ, ಅಲ್ಲಿಂದ ಮೂಳೆಗೆ.
ನನ್ನ ಹಲ್ಲುಗಳು ತಮ್ಮ ಪಾಡಿಗೆ ತಾವು ಮಾತಾಡಿಕೊಳ್ಳುತ್ತಿದ್ದವು.
ಒಮ್ಮೆ ನಿಂತಳು. ಕಾಟಿಯ ಸಗಣಿ,
ಇನ್ನೂ ಹಬೆಯಾಡುತ್ತಿತ್ತು.
"ನಮ್ಗಿಂತ ಮುಂಚೆ ಹೊರ್ಟದೆ,"
ಬಸ್ಸು ತಪ್ಪಿದವರ ದನಿ.

ಮೊದಲು ಬಂದದ್ದು ವಾಸನೆ,
ಗೀರಿದ ಬೆಂಕಿಕಡ್ಡಿ ಆರಿದ ಮೇಲಿನದ್ದು.
ಆಮೇಲೆ ಕಣಿವೆಯ ತಳದಲ್ಲಿ ಬಿಳಿ ಆವಿ,
ಒಲೆಯಿಲ್ಲದ ಮನೆಯ ಹೊಗೆ.
ಏನೋ ದೊಡ್ಡದನ್ನು ನೆನೆದು ಬಂದಿದ್ದೆ.
ಇದ್ದದ್ದು ಎರಡು ಎಮ್ಮೆ ಮಲಗುವಷ್ಟು ಗುಂಡಿ.
ತಳದ ಮರಳಿನಿಂದ ಗುಳ್ಳೆ, ಒಂದು, ಮತ್ತೊಂದು,
ಯಾರೋ ಕೆಳಗೆ ಕೂತು
ಹೇಳಲೋ ಬೇಡವೋ ಎನ್ನುವಂತೆ.
ಅಂಚಿನ ಕೆಸರಲ್ಲಿ ಗೊರಸು, ಪಂಜ, ಹಕ್ಕಿಯ ಮೂರು ಬೆರಳು.
ಎಲ್ಲಕ್ಕೂ ಚಳಿಯಾಗುತ್ತದೆ.

ರಿಜಿಸ್ಟರು ಬಿಚ್ಚಿದೆ. ಹಿಂದಿನವರ ದುಂಡು ಅಕ್ಷರ:
ನಲವತ್ತೆರಡು. ನಲವತ್ತೊಂದೂವರೆ. ನಲವತ್ತೊಂದು.
ಗುಡ್ಡ ಆರುತ್ತಿದೆ,
ಅಥವಾ ಅವರ ಕನ್ನಡಕ ಹಳತಾಗಿತ್ತು.
ಬಗ್ಗಿ, ನಾಲಿಗೆಯ ಅಡಿಗೆ ಇಡುವಂತೆ
ಮೆಲ್ಲಗೆ ಇಳಿಸಿದೆ ಗಾಜನ್ನು.
ಮರಗಟ್ಟಿದ ಬೆರಳು. ಜಾರಿತು.
ತೋಳು ಮುಳುಗುವಷ್ಟು ತಡಕಿದೆ;
ಮರಳೊಳಗೆ ಬಿಸಿ ಇನ್ನೂ ಹರಿತ,
ಕೈ ಬರಿದೇ ವಾಪಸು ಬಂತು.

ಗುತ್ಯಮ್ಮ ನಗಲಿಲ್ಲ.
ಸೆರಗು ಸಿಕ್ಕಿಸಿ, ಎಡ ಮೊಣಕೈ ಅದ್ದಿದಳು,
ಕಣ್ಣು ಮುಚ್ಚಿ, ಎರಡು ಉಸಿರಿನಷ್ಟು ಹೊತ್ತು.
"ಮಗುವಿನ ಹದ," ಎಂದಳು. "ಬರ್ಕಳಿ."

ಯಾವ ಮಗು ಎಂದೆ.
"ನಾನೇ.
ಹೊಳೆ ಏರ್ತಾ ಬಂದ ವರ್ಷ
ಅವ್ವ ಈ ದಾರೀಲೇ ಹತ್ತಿದ್ಲು,
ದಿನ ತುಂಬಿದ ಹೊಟ್ಟೆ, ತಲೆ ಮೇಲೆ ಹಂಡೆ.
ಹಂಡೆ ಇತ್ತು, ಒಲೆ ಹೂಡಕ್ಕೆ ಊರಿರ್ಲಿಲ್ಲ.
ಇಲ್ಲೇ ಹೆತ್ತು, ಇದೇ ನೀರು ಹೊಯ್ದ್ಲು.
ತಣ್ಣೀರು ಊರು ತಕಂತು,
ಬಿಸ್ನೀರು ಬಾಣಂತನ ಮಾಡ್ತು."
ಇಷ್ಟೇ, ಸಂಘದ ಲೆಕ್ಕ ಒಪ್ಪಿಸಿದ ಹಾಗೆ.
ಬೂಟು ಕಳಚಿ ಕಾಲಿಳಿಬಿಟ್ಟಳು.

ನಾನೂ, ಪ್ಯಾಂಟು ಮಡಚಿ.
ಹಲ್ಲುಗಳು ಮಾತು ನಿಲ್ಲಿಸಿದವು.
ಅವಳ ಹಿಮ್ಮಡಿಯ ಬಿರುಕುಗಳಲ್ಲಿ
ಗುಳ್ಳೆ ಕೂತು, ಯೋಚಿಸಿ, ಒಡೆದವು.
ಎದುರಿನ ಪೊದೆಯಲ್ಲಿ ಏನೋ ಉಸಿರುಬಿಟ್ಟಿತು,
ದೊಡ್ಡ ಮೂಗಿನದ್ದು. ಸರದಿ ಕಾಯುತ್ತಿತ್ತು.
ನಾವು ಎದ್ದೆವು.

ಉಷ್ಣಾಂಶದ ಕಾಲಮ್ಮಿನಲ್ಲಿ ಬರೆದೆ: ಮಗುವಿನ ಹದ.
ಷರಾ: ಎಡ ಮೊಣಕೈ, ಗುತ್ಯಮ್ಮನದು.

ಫೆಬ್ರವರಿಯಲ್ಲಿ ಕಡತ ತಿರುಗಿ ಬಂತು,
ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ಯಾವ ಮಾಪನದಲ್ಲಿ?
ಉತ್ತರಿಸಿಲ್ಲ. ನೂರ ಎಂಬತ್ತು ರೂಪಾಯಿ
ಸಂಬಳದಲ್ಲಿ ಹಿಡಿದಿದ್ದಾರೆ.
ಅದು ಅಲ್ಲೇ ಇದೆ, ಮರಳೊಳಗೆ,
ಕಾಟಿಯ ಗೊರಸಿನ ಕೆಳಗೆ,
ಸರಿಯಾದ ಅಂಕಿಯನ್ನು
ಯಾರಿಗೂ ಅಲ್ಲದೆ ತೋರಿಸುತ್ತ.